ಗಫೂರ್ ಸಾಹೇಬರ ನಾನೂರು ವರ್ಷದ ಡೇಗು

ಶಿರಸಿಯ ಅಬ್ದುಲ್ ಗಫೂರ್ ಸಾಹೇಬರು ಎದೆಯ ಮೇಲೆ ಕೈ ಕಟ್ಟಿ, ತಲೆಯನ್ನು ಒಂದು ಬದಿಗೆ ವಾಲಿಸಿ ನಿಲ್ಲಲು ಶುರುಮಾಡಿದ ದಿನವೇ ಅವರ ಹೆಂಡತಿ ಅಮೀನಾಬಿಗೆ ಅನುಮಾನ ಬಂದಿತ್ತು. ಜೀವಮಾನವೆಲ್ಲ ಟೆಂಪೋದ ಸ್ಟೇರಿಂಗ್ ಹಿಡಿದ ಕೈಗಳು ಕಾರಣವಿಲ್ಲದೆ ಹಾಗೆ ಕಟ್ಟಿಕೊಳ್ಳುವುದಿಲ್ಲ. ಬೆನ್ನು ನೋವೇನೋ ಎಂದು ಎಣ್ಣೆ ಕಾಯಿಸಿ ತಂದಳು. ಸಾಹೇಬರು ಎಣ್ಣೆಯ ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದು, ಮಗುಚಿ ತಳ ನೋಡಿ, ಇದು ಯಾವ ಕಾಲದ್ದು ಎಂದು ಕೇಳಿದರು. ಎಣ್ಣೆ ನೆಲಕ್ಕೆ ಹೋಯಿತು.

ಕಾರಣ ಮೊಬೈಲಿನಲ್ಲಿತ್ತು. ದೂರದ ಯಾವುದೋ ದೇಶದ ಅಡವಿನಂಗಡಿಯ ಕಾರ್ಯಕ್ರಮ, ಹಿಂದಿಯ ಮಾತು ಹಾಕಿದ್ದು. ಜನ ಅಟ್ಟದ ಮೇಲಿದ್ದ ತುಕ್ಕು ಸಾಮಾನು ಹೊತ್ತು ತರುತ್ತಾರೆ. ಅಂಗಡಿಯ ಯಜಮಾನ ಕೈ ಕಟ್ಟಿ ನೋಡುತ್ತಾನೆ. ತನಗೊಬ್ಬ ಬಲ್ಲವನ ಪರಿಚಯವಿದೆ ಎಂದು ಅವನನ್ನು ಕರೆಸುತ್ತಾನೆ. ಬಲ್ಲವನು ಒಂದು ಬೆಲೆ ಹೇಳುತ್ತಾನೆ, ಯಜಮಾನ ಅದರರ್ಧ ಕೊಡುತ್ತೇನೆನ್ನುತ್ತಾನೆ, ತಂದವನು ಅಳುಮೋರೆಯಲ್ಲಿ ಕೈ ಕುಲುಕುತ್ತಾನೆ. ಅಡಿಕೆ ಮೂಟೆ ಹೇರಲು ಕಾಯುತ್ತ ಸಾಹೇಬರು ಮೊದಲ ಕಂತು ನೋಡಿದರು. ಆಮೇಲೆ ಮೂಟೆಗಳೇ ಅವರಿಗಾಗಿ ಕಾಯತೊಡಗಿದವು.

ವಿದ್ಯೆ ಒಳಗೆ ಸೇರಿದ ಮೇಲೆ ಸುಮ್ಮನಿರಲು ಬಿಡುತ್ತದೆಯೇ? ಸಾಹೇಬರು ಓಣಿಯ ಸಾಮಾನುಗಳಿಗೆಲ್ಲ ಬೆಲೆ ಕಟ್ಟತೊಡಗಿದರು. ದರ್ಜಿಯ ಹೊಲಿಗೆ ಯಂತ್ರಕ್ಕೆ ಎಂಬತ್ತು ಸಾವಿರ ಎಂದರು. ದರ್ಜಿ ಮರುದಿನದಿಂದ ಅದರಲ್ಲಿ ಹೊಲಿಯುವುದನ್ನು ಬಿಟ್ಟು ಅದಕ್ಕೆ ಬಟ್ಟೆ ಹೊದಿಸಿಟ್ಟ. ಹಬ್ಬಕ್ಕೆ ಕೊಟ್ಟ ಬಟ್ಟೆಗಳು ಹಬ್ಬ ಕಳೆದರೂ ಬರಲಿಲ್ಲ. ಹಾಲಿನವನ ಸೈಕಲ್ಲು ಯುದ್ಧ ಕಾಲದ್ದೆಂದು ತೀರ್ಮಾನವಾಗಿ, ಅವನು ಅದನ್ನು ತಳ್ಳಿಕೊಂಡು ನಡೆದೇ ಬರುವಂತಾಯಿತು. ಓಣಿಗೆ ಬೆಳಗಿನ ಚಹಾ ಹತ್ತು ಗಂಟೆಗೆ ಜಾರಿತು.

ಆ ಕಾರ್ಯಕ್ರಮದಿಂದ ಸಾಹೇಬರು ಕಲಿತ ಮುಖ್ಯ ಪಾಠವೆಂದರೆ, ಹಳೆಯ ವಸ್ತುವನ್ನು ತೊಳೆಯಬಾರದು ಎಂಬುದು. ತೊಳೆದರೆ ಕಾಲದ ಬಣ್ಣ ಹೋಗುತ್ತದೆ, ಬಣ್ಣದ ಜೊತೆ ಬೆಲೆಯೂ ಹೋಗುತ್ತದೆ. ಈ ಪಾಠವನ್ನು ಅವರು ಅಮೀನಾಬಿಯ ಕುಕ್ಕರಿನ ಮೇಲೆ ಪ್ರಯೋಗಿಸಲು ಹೋಗಿ ಸೋತರು. ಕೊನೆಗೆ ಡೇಗಿನ ಮೇಲೆ ಪ್ರಯೋಗಿಸಿದರು. ಕಥೆ ಶುರುವಾಗುವುದು ಅಲ್ಲಿಂದ.

ಡೇಗು ಎಂದರೆ ಬಿರ್ಯಾನಿ ಬೇಯಿಸುವ ತಾಮ್ರದ ದೊಡ್ಡ ಪಾತ್ರೆ. ಒಳಗೆ ಇಬ್ಬರು ಕೂತು ಮಾತಾಡಬಹುದು, ಅಷ್ಟು ದೊಡ್ಡದು. ಅದು ಸಾಹೇಬರದ್ದಲ್ಲ, ಇಡೀ ಓಣಿಯದ್ದು. ಸಾಹೇಬರು ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಅವರ ತಂದೆ ಮುಂದಾಗಿ, ಓಣಿಯವರೆಲ್ಲ ವಂತಿಗೆ ಹಾಕಿ, ಹುಬ್ಬಳ್ಳಿಯಿಂದ ಕೊಂಡು ತಂದದ್ದು. ಬರುವಾಗ ಲಾರಿಯಲ್ಲಿ ಜಾಗವಿಲ್ಲದೆ ಸಾಹೇಬರು ಅದರೊಳಗೇ ಕೂತು ಬಂದಿದ್ದರು. ಅಂದಿನಿಂದ ಓಣಿಯ ಎಲ್ಲ ನಿಕಾಹದ ಬಿರ್ಯಾನಿಯೂ ಬೆಂದದ್ದು ಅದರಲ್ಲೇ, ಅಮೀನಾಬಿಯದೂ ಸೇರಿ. ಸುಗ್ಗಿ ಮುಗಿದ ಮೇಲೆ ಇಸಳೂರಿನ ದ್ಯಾವಮ್ಮ ಬಂದು ಭತ್ತ ಬೇಯಿಸಲು ಒಯ್ಯುತ್ತಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ತಾಮ್ರಕ್ಕೆ ಜಾತಿಯಿಲ್ಲ ಎಂಬುದು ದ್ಯಾವಮ್ಮನ ಮತ. ಸಾಹೇಬರ ಮನೆಗೆ ಶೆಡ್ಡೂ ಟೆಂಪೋವೂ ಇದ್ದದ್ದರಿಂದ ಡೇಗು ಇರುತ್ತಿದ್ದದ್ದು ಅವರಲ್ಲಿ.

ಆ ವರ್ಷ ಬೇಸಿಗೆಯ ಕೊನೆಯ ಮದುವೆಯಿಂದ ಡೇಗು ಬಂದಾಗ ಸಾಹೇಬರು ಅದನ್ನು ಯಾರಿಗೂ ತಿಕ್ಕಗೊಡಲಿಲ್ಲ. ಶೆಡ್ಡಿನ ಹಿಂದೆ ಬಯಲಲ್ಲಿ ಇಟ್ಟು ಸುಮ್ಮನಾದರು. ಮಳೆಗಾಲ ತನ್ನ ಕೆಲಸ ಮಾಡಿತು. ಶಿರಸಿಯ ಒಂದು ಮಳೆಗಾಲಕ್ಕೆ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗೂ ನಾನೂರು ವರ್ಷದ ಬಣ್ಣ ಬರುತ್ತದೆ. ಇನ್ನು ತಾಮ್ರದ ಮಾತೇನು? ದಸರೆಯ ಹೊತ್ತಿಗೆ ಡೇಗು ಒಳಗೂ ಹೊರಗೂ ಹಚ್ಚ ಹಸಿರಾಗಿತ್ತು.

ಅದೇ ಹೊತ್ತಿಗೆ ಕಲ್ಲಯ್ಯನವರ ತಂಡ ಯಲ್ಲಾಪುರಕ್ಕೆ ಬಂತು. ಕಲ್ಲಯ್ಯನವರು ಹುಬ್ಬಳ್ಳಿ ಕಡೆಯವರು. ಹಿಂದೆ ಅಡವಿನಂಗಡಿ ಇಟ್ಟಿದ್ದರಂತೆ. ಅಡವಿಟ್ಟ ಸಾಮಾನಿಗಿಂತ ತಂದವರು ಹೇಳುವ ಕಥೆಯೇ ಹೆಚ್ಚು ಬಾಳುತ್ತದೆಂದು ಅರಿವಾದ ಮೇಲೆ ಅಂಗಡಿ ಮುಚ್ಚಿ ಚಾನೆಲ್ಲು ತೆರೆದರಂತೆ. ಊರೂರು ತಿರುಗಿ, ಜನ ತಂದ ಹಳೆಯ ವಸ್ತುಗಳಿಗೆ ಕ್ಯಾಮೆರಾದ ಮುಂದೆ ಬೆಲೆ ಕಟ್ಟುವುದು ಅವರ ಕಾರ್ಯಕ್ರಮ. ಗಫೂರ್ ಸಾಹೇಬರು ಫೋನು ಮಾಡಿ, ತಮ್ಮನ್ನು ಬಲ್ಲವರಲ್ಲಿ ಒಬ್ಬರಾಗಿ ಸೇರಿಸಿಕೊಳ್ಳಬಹುದೇ ಎಂದು ವಿಚಾರಿಸಿದರು. ಬಲ್ಲವರು ಬೇಕಾದಷ್ಟಿದ್ದಾರೆ, ವಸ್ತುವಿದ್ದರೆ ತನ್ನಿ ಎಂಬ ಉತ್ತರ ಬಂತು.

ಮನೆಯಲ್ಲಿ ಆಗ ಮಗಳು ಸಾಮಿಯಾಳ ನಿಕಾಹದ ಗಡಿಬಿಡಿ. ಗಂಡು ಸಿದ್ದಾಪುರದ ಫೈಜಲ್, ಲಾರಿ ಇಟ್ಟವರ ಮನೆ, ಮುಂದಿನ ಭಾನುವಾರಕ್ಕೆ ನಿಶ್ಚಯ. ಡೇಗಿಗೆ ಕಲಾಯಿ ಹಾಕಿಸಿಕೊಂಡು ಬರುತ್ತೇನೆಂದು ಹೇಳಿ ಸಾಹೇಬರು ಅದನ್ನು ಟೆಂಪೋಕ್ಕೆ ಏರಿಸಿ, ತಾಡಪಾಲು ಮುಚ್ಚಿ, ಯಲ್ಲಾಪುರದ ದಾರಿ ಹಿಡಿದರು. ಇಷ್ಟು ಕೆಲಸದ ನಡುವೆ ಗಂಡನಿಗೆ ತಾನಾಗಿ ಕಲಾಯಿಯ ನೆನಪಾಯಿತಲ್ಲ ಎಂದು ಅಮೀನಾಬಿಗೆ ಅಭಿಮಾನವೇ ಆಯಿತು.

ಯಲ್ಲಾಪುರದ ಕಲ್ಯಾಣ ಮಂಟಪ ತುಂಬಿತ್ತು. ಒಬ್ಬರು ಅಡಕತ್ತರಿ ತಂದಿದ್ದರು, ಒಬ್ಬರು ನಿಂತ ಗಡಿಯಾರ. ಡೇಗು ವೇದಿಕೆ ಏರಿದಾಗ ಮಾತ್ರ ಸಭೆಯಲ್ಲಿ ಗುಜುಗುಜು ಎದ್ದಿತು. ಕಲ್ಲಯ್ಯನವರು ಕೊರಳಲ್ಲಿ ನೇತಾಡುತ್ತಿದ್ದ ಭೂತಗನ್ನಡಿ ಹಿಡಿದು ಡೇಗಿನ ಸುತ್ತ ಪ್ರದಕ್ಷಿಣೆ ಬಂದರು.

“ಹಿರಿಯರ, ಇದು ನಿಮ್ಮ ಮನಿಗೆ ಹೆಂಗ ಬಂತು, ಸ್ವಲ್ಪ ಹೇಳ್ರಿ,” ಎಂದರು.

ಹುಬ್ಬಳ್ಳಿ ಎಂಬ ಮಾತು ಸಾಹೇಬರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕ್ಯಾಮೆರಾದ ಕೆಂಪು ದೀಪ ಅವರನ್ನೇ ನೋಡುತ್ತಿತ್ತು. ವೇದಿಕೆ ಏರಿ, ಮುಖಕ್ಕೆ ಪೌಡರು ಹಾಕಿಸಿಕೊಂಡು, ವಂತಿಗೆ ಹಾಕಿ ಕೊಂಡದ್ದು ಎಂದು ಹೇಳಲು ಎಂಥವನಿಗೂ ಮನಸ್ಸು ಬಾರದು. ತಮ್ಮ ಮುತ್ತಜ್ಜ ಸೋಂದೆಯ ಅರಸರ ಅಡಿಗೆಮನೆಯಲ್ಲಿ ಇದ್ದರೆಂದೂ, ಅರಸರು ಖುಷಿಯಾಗಿ ಕೊಟ್ಟದ್ದೆಂದೂ ಸಾಹೇಬರು ಹೇಳಿಬಿಟ್ಟರು. ಅರಸರ ಕಾಲಕ್ಕೂ ಮುತ್ತಜ್ಜನ ಕಾಲಕ್ಕೂ ನಡುವೆ ಇರುವ ಅಂತರವನ್ನು ಯಾರೂ ಕೇಳಲಿಲ್ಲ.

“ನಾ ಅಂದಿದ್ದೆ ನೋಡ್ರಿ. ಈ ಹಸಿರು ನೋಡ್ರಿ, ನಾನೂರು ವರ್ಷ ಬೇಕು ಈ ಹಸಿರು ಹಿಡೀಬೇಕಂದ್ರ,” ಎಂದು ಕಲ್ಲಯ್ಯನವರು ಸಭೆಗೆ ತಿರುಗಿದರು. ಪಕ್ಕದ ದೊಡ್ಡ ತಗ್ಗಿನ ಮೇಲೆ ಬೆರಳಾಡಿಸಿ, ಇದು ಫಿರಂಗಿ ಗುಂಡಿನ ಏಟು ಎಂದರು. ಟೆಂಪೋ ಹಿಂದಕ್ಕೆ ತೆಗೆಯುವಾಗ ತಾವೇ ಗುದ್ದಿದ ಸಂಜೆ ಸಾಹೇಬರಿಗೆ ಚೆನ್ನಾಗಿ ನೆನಪಿತ್ತು. ಅವರು ಗಂಭೀರವಾಗಿ ತಲೆದೂಗಿದರು. ಬೆಲೆ ಎಂಟು ಲಕ್ಷಕ್ಕೆ ನಿಂತಿತು.

ಇಲ್ಲಿಗೆ ಮುಗಿದಿದ್ದರೆ ಸಾಹೇಬರು ಡೇಗು ಹೇರಿಕೊಂಡು ಮನೆಗೆ ಹೋಗಿ, ಸಾಯುವವರೆಗೂ ಇದನ್ನೇ ಹೇಳಿಕೊಂಡು ಸುಖವಾಗಿರುತ್ತಿದ್ದರು. ಆದರೆ ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿ ಶಾಂತಾರಾಮರು ಕೂತಿದ್ದರು. ಶಿರಸಿಯ ಒಂದು ಕಚೇರಿಯ ಅಧಿಕಾರಿ. ಕಚೇರಿ ಯಾವುದೆಂದು ಹೇಳಿದರೆ ಅವರಿಗೂ ಕಷ್ಟ, ನಮಗೂ ಕಷ್ಟ. ಅವರು ಎದ್ದು ಬಂದು ಡೇಗಿನ ಅಂಚು ಸವರಿ, ಇಷ್ಟು ಚೆಂದದ ವಸ್ತು ತಾವು ನೋಡಿಯೇ ಇಲ್ಲ ಎಂದರು.

ಸಾಹೇಬರ ಓಣಿಯಲ್ಲಿ ಒಂದು ರೀತಿಯುಂಟು. ಯಾರಾದರೂ ನಿಮ್ಮ ಅಂಗಿ ಚೆನ್ನಾಗಿದೆ ಎಂದರೆ, ನಿಮ್ಮದೇ ಎನ್ನಬೇಕು. ಮನೆ ಚೆನ್ನಾಗಿದೆ ಎಂದರೂ ನಿಮ್ಮದೇ. ಹೊಗಳಿದವರು ನಿಮ್ಮಲ್ಲೇ ಇರಲಿ, ಮುಬಾರಕ್ ಎನ್ನಬೇಕು. ಅಲ್ಲಿಗೆ ಲೆಕ್ಕ ಚುಕ್ತಾ. ಈ ರೀತಿಯಿಂದ ಇದುವರೆಗೆ ಯಾರೂ ಅಂಗಿ ಬಿಚ್ಚಿ ಕೊಟ್ಟದ್ದಿಲ್ಲ, ಮನೆ ಬಿಟ್ಟುಕೊಟ್ಟದ್ದಂತೂ ಇಲ್ಲವೇ ಇಲ್ಲ. ಹುಟ್ಟಿದಂದಿನಿಂದ ಬಂದ ಅಭ್ಯಾಸ. ಸಾಹೇಬರು ಎದೆಯ ಮೇಲೆ ಕೈಯಿಟ್ಟು, ಸೊಂಟ ಬಗ್ಗಿಸಿ ಹೇಳಿದರು:

“ಎಂತ ಸಾಹೇಬ್ರೆ, ನಮ್ದು ಅಂತ ಎಂತ ಇದೆ? ಎಲ್ಲಾ ನಿಮ್ದೇ.”

ಮೈಕು ಚಾಲೂ ಇತ್ತು. ಶಾಂತಾರಾಮರು ಓಣಿಯಲ್ಲಿ ಬೆಳೆದವರಲ್ಲ, ಕಡತದಲ್ಲಿ ಬೆಳೆದವರು. ಅವರ ಕಣ್ಣಲ್ಲಿ ನೀರು ಬಂತು. ಎಂಟು ಲಕ್ಷದ ವಸ್ತುವನ್ನು ಒಂದು ಮಾತಿನಲ್ಲಿ ಸರ್ಕಾರಕ್ಕೆ ದಾನ ಕೊಡುವ ಮಹನೀಯರು ಇನ್ನೂ ಇದ್ದಾರೆ ಎಂದು ಮೈಕಿನಲ್ಲಿ ಸಾರಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಾರ ಬಂತು. ಮತ್ತೆ ತೆರೆದರು, ಶಾಲು ಬಂತು. ಆಮೇಲೆ ಕೆಳಗಿಳಿದು ಹೇಳೋಣವೆಂದುಕೊಂಡರೆ, ಇಲಾಖೆಯ ಜೀಪಿನಲ್ಲಿ ಡೇಗು ಹಿಡಿಸದೆ, ಅದನ್ನು ಕಚೇರಿಯ ಅಂಗಳಕ್ಕೆ ಮುಟ್ಟಿಸುವ ಕೆಲಸವೂ ಸಾಹೇಬರ ಟೆಂಪೋದ ಪಾಲಿಗೇ ಬಂತು. ಹಾರ ಹಾಕಿಕೊಂಡೇ ಅವರು ಯಲ್ಲಾಪುರದಿಂದ ಶಿರಸಿಯವರೆಗೆ ಗಾಡಿ ಓಡಿಸಿದರು. ಬಾಡಿಗೆ ಕೇಳುವುದು ದಾನಿಗೆ ಶೋಭಿಸುವುದಿಲ್ಲ.

ಖಾಲಿ ಟೆಂಪೋ ನೋಡಿ ಅಮೀನಾಬಿ ಡೇಗೆಲ್ಲಿ ಎಂದು ಕೇಳಿದಳು. ಸಾಹೇಬರು ಶಾಲು ತೋರಿಸಿದರು. ಅಮೀನಾಬಿ ಶಾಲು ನೋಡಿದಳು, ಗಂಡನನ್ನು ನೋಡಿದಳು, ಒಳಗೆ ಹೋದಳು. ಅಂದಿನಿಂದ ಗಂಡನೊಡನೆ ಮಾತು ಬಂದ್. ಹೇಳಬೇಕಾದದ್ದು ಸಾಮಿಯಾಳ ಬಾಯಿಂದ ಬರತೊಡಗಿತು.

“ಅಬ್ಬಾ, ಅಮ್ಮಿ ಹೇಳ್ತಾಳೆ, ಚಹಾ ಇಟ್ಟಿದೆ ಅಂತೆ,” ಎಂದಳು ಸಾಮಿಯಾ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದಳು. “ಭಾನುವಾರದ ಬಿರ್ಯಾನಿ ಆ ಡೇಗಲ್ಲೇ ಬೇಯಬೇಕಂತೆ. ಡೇಗು ಬರ್ದಿದ್ರೆ ನೀವೂ ನಿಕಾಹಕ್ಕೆ ಬರೂದು ಬೇಡ್ವಂತೆ.”

ಬಾಡಿಗೆ ಡೇಗು ತರೋಣವೆಂದರೆ ಮಳೆಗಾಲ ಮುಗಿದ ಮದುವೆಯ ಕಾಲ. ಶಾಮಿಯಾನದವರ ಪಾತ್ರೆಗಳೆಲ್ಲ ಬುಕ್ಕಾಗಿದ್ದವು. ಸಿಕ್ಕಿದ್ದರೂ ಉಪಯೋಗವಿರಲಿಲ್ಲ. ಫೈಜಲ್‌ನ ತಂದೆ ಸಿದ್ದಾಪುರದಿಂದ ಫೋನು ಮಾಡಿ, ಬೀಗರು ಅರಸರ ಅಡಿಗೆಮನೆಯವರೆಂದು ತಮಗೆ ಗೊತ್ತೇ ಇರಲಿಲ್ಲವೆಂದೂ, ವಿಡಿಯೋವನ್ನು ಇಡೀ ಸಿದ್ದಾಪುರಕ್ಕೆ ಕಳಿಸಿದ್ದಾಗಿಯೂ, ಅರಸರ ಡೇಗಿನ ಬಿರ್ಯಾನಿ ಉಣ್ಣಲು ಇನ್ನೊಂದು ಬಸ್ಸು ಹೆಚ್ಚಿಗೆ ಹೊರಡುವುದೆಂದೂ ತಿಳಿಸಿದರು.

ಓಣಿಯಲ್ಲಿ ಎರಡು ಪಕ್ಷವಾದವು. ಎಲ್ಲರ ಡೇಗನ್ನು ದಾನ ಕೊಡಲು ಇವನು ಯಾರು ಎಂದು ಒಂದು ಪಕ್ಷ ಜಗಳಕ್ಕೆ ಬಂತು. ಇನ್ನೊಂದು ಪಕ್ಷ ಹೆಚ್ಚು ದೂರಾಲೋಚನೆಯದ್ದು. ಗಫೂರನ ಮುತ್ತಜ್ಜ ಅರಸರ ಅಡಿಗೆಯವನಾದರೆ, ಅರಸರಿಗೆ ಮಾಂಸ ಪೂರೈಸುತ್ತಿದ್ದದ್ದು ತಮ್ಮ ಮುತ್ತಜ್ಜ ಎಂದು ಮಾಂಸದಂಗಡಿಯವನು ಘೋಷಿಸಿದ. ಅರಸರ ಅಂಗಿ ಹೊಲಿದವರು ಯಾರೆಂಬುದು ದರ್ಜಿಗೂ ಹೊಳೆಯಿತು.

ಗಫೂರ್ ಸಾಹೇಬರು ನೆಟ್ಟಗೆ ಕಚೇರಿಗೆ ಹೋಗಿ ನಿಜ ಹೇಳುವುದೆಂದು ನಿರ್ಧರಿಸಿದರು. ಅವರಂಥವರು ನಿಜ ಹೇಳಲು ಹೊರಟರೆ ಅದಕ್ಕೂ ಒಂದು ದಾರಿ ಸಿಗಬೇಕಲ್ಲ. ಡೇಗು ಹುಬ್ಬಳ್ಳಿಯದ್ದು, ತಾನು ಅದರೊಳಗೇ ಕೂತು ಬಂದವನು ಎಂದು ಅವರು ಹೇಳಿದಾಗ ಶಾಂತಾರಾಮರು ನಕ್ಕು, ದೊಡ್ಡವರಿಗೆ ವಿನಯ ಹೆಚ್ಚು ಎಂದರು. ತಗ್ಗು ಆದದ್ದು ಟೆಂಪೋದಿಂದ ಎಂದಾಗ, ಕಲ್ಲಯ್ಯನವರು ಬಲ್ಲವರು, ತಪ್ಪು ಹೇಳಲಾರರು ಎಂದರು. ಮೊಬೈಲು ತೆಗೆದು, ಎಲ್ಲಾ ನಿಮ್ದೇ ಎಂಬಲ್ಲಿಗೆ ವಿಡಿಯೋ ನಿಲ್ಲಿಸಿ ತೋರಿಸಿದರು. ಸಾಹೇಬರು ತಮ್ಮ ಮುಖವನ್ನು ತಾವೇ ನೋಡಿದರು. ಎಷ್ಟು ಧಾರಾಳವಾಗಿ ಕಾಣುತ್ತಿತ್ತೆಂದರೆ ಅವರಿಗೇ ಒಂದು ಕ್ಷಣ ನಂಬಿಕೆ ಬಂತು.

ಮರುದಿನ ಸಾಕ್ಷಿಗೆಂದು ದ್ಯಾವಮ್ಮನನ್ನು ಕರೆದುಕೊಂಡು ಹೋದರು. ಇದು ದಿನ ಬಳಸುವ ಪಾತ್ರೆ ಎಂದು ಅವಳು ಹೇಳಿದರೆ ಸಾಕಿತ್ತು.

“ಹೌದ್ರಾ. ನಾ ಮದುವಿ ಆಗಿ ಬಂದಾಗಿಂದ ಇದ್ರಾಗೇ ಭತ್ತ ಬೇಯ್ಸೂದು,” ಎಂದಳು ದ್ಯಾವಮ್ಮ. “ನಮ್ಮತ್ತೆನೂ ಇದ್ರಾಗೇ ಬೇಯ್ಸಿದ್ಲು.”

ಶಾಂತಾರಾಮರು ಕಡತ ಎಳೆದುಕೊಂಡು, ತಲೆತಲಾಂತರದಿಂದ ಬಳಕೆಯಲ್ಲಿರುವುದಕ್ಕೆ ಪ್ರತ್ಯಕ್ಷ ಸಾಕ್ಷಿ ದೊರೆತಿದೆ ಎಂದು ಬರೆದುಕೊಂಡರು. ಸಾಹೇಬರು ಸಾಕ್ಷಿ ತಂದಷ್ಟೂ ಡೇಗು ಹಳೆಯದಾಗುತ್ತ ಹೋಯಿತು. ಕೊನೆಗೆ ಅವರು ಅಳುವಂತಾಗಿ, ಮಗಳ ಮದುವೆಗಾದರೂ ಒಂದು ದಿನ ಕೊಡಿ ಎಂದು ಬೇಡಿದರು. ಶಾಂತಾರಾಮರು ಕೆಟ್ಟವರಲ್ಲ. ತಮ್ಮ ಸಹಿಯನ್ನು ದೇವರಂತೆ ನಂಬಿದವರು, ಅಷ್ಟೇ.

“ನಾ ಎಂತ ಮಾಡೂದು ಮಾರಾಯ್ರೆ? ಈ ಜಾಗ ಬಿಟ್ಟು ಕದಲಿಸಬಾರ್ದು, ಸುಸ್ಥಿತಿಯಲ್ಲಿ ಇಡಬೇಕು ಅಂತ ನಾನೇ ಬರ್ದಾಗಿದೆ. ಬೆಂಗಳೂರಿಂದ ಆದೇಶ ಬರೂವರೆಗೆ ನನ್ನ ಕೈಲೂ ಇಲ್ಲ.”

ಬೆಂಗಳೂರಿನ ಆದೇಶ ಬರುವಷ್ಟರಲ್ಲಿ ಸಾಮಿಯಾಳ ಮಕ್ಕಳ ಮದುವೆಯಾಗಬಹುದಿತ್ತು. ಸಾಹೇಬರು ಮನೆಗೆ ಬಂದು ಶೆಡ್ಡಿನಲ್ಲಿ ಕೂತರು. ಮಗಳ ನಿಕಾಹದ ದಿನ ಎಲ್ಲಿ ಇರುವುದು ಎಂಬ ಯೋಚನೆ ಹತ್ತಿತು. ಯಲ್ಲಾಪುರಕ್ಕೆ ಬಾಡಿಗೆ ಇದೆ ಎಂದು ಹೇಳಿ ಹೋಗಿಬಿಡುವುದೇ? ಅಂದು ಅವರು ಮೊಬೈಲು ಮುಟ್ಟಲಿಲ್ಲ.

ಸಾಮಿಯಾಳ ಬಾಯಿಂದ ಕಚೇರಿಯ ವರದಿಯನ್ನು ಪೂರ್ತಿ ಕೇಳಿಕೊಂಡ ಅಮೀನಾಬಿ ಶನಿವಾರ ಬುರ್ಖಾ ಹಾಕಿಕೊಂಡು, ದ್ಯಾವಮ್ಮನನ್ನು ಜೊತೆಗೆ ಕರೆದುಕೊಂಡು, ತಾನೇ ಹೊರಟಳು. ಗಂಡ ಹಿಂದೆ ಬಂದ. ಬರಬೇಡವೆನ್ನಲೂ ಅವಳು ಮಾತಾಡಬೇಕಿತ್ತಲ್ಲ.

“ಸಾಹೇಬ್ರೆ, ಡೇಗು ಒಯ್ಯಬಾರ್ದು ಅಂತ ಬರ್ದಿದ್ದೀರಿ. ನಾವು ಒಯ್ಯೂದಿಲ್ಲ,” ಎಂದಳು ಅಮೀನಾಬಿ. “ಬೆಂಕಿ ಹಚ್ಚಬಾರ್ದು ಅಂತ ಬರ್ದಿದ್ದೀರಾ?”

ಶಾಂತಾರಾಮರು ಕಡತ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಬರೆದಿರಲಿಲ್ಲ. ಬರೆಯದ ಮಾತನ್ನು ಆಡುವುದು ಅವರ ಸ್ವಭಾವವಲ್ಲ. ಭಾನುವಾರ ಕಚೇರಿಗೆ ರಜೆಯಿರುತ್ತದೆ, ರಜೆಯ ದಿನ ಅಂಗಳದಲ್ಲಿ ಏನು ನಡೆಯುತ್ತದೆಂದು ತಾವು ನೋಡಲು ಬರುವುದಿಲ್ಲ ಎಂದು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು.

ಹೀಗೆ, ಡೇಗು ಮದುವೆಗೆ ಬಾರದ ಕಾರಣ ಮದುವೆಯೇ ಡೇಗಿನ ಬಳಿಗೆ ಹೋಯಿತು. ಭಾನುವಾರ ಬೆಳಕು ಹರಿಯುವುದರೊಳಗೆ ಓಣಿಯ ಹೆಂಗಸರೆಲ್ಲ ಕಚೇರಿಯ ಅಂಗಳದಲ್ಲಿದ್ದರು. ಹಸಿರು ಹಿಡಿದ ತಾಮ್ರದಲ್ಲಿ ಬೇಯಿಸಿದರೆ ಎರಡು ಬಸ್ಸಿನ ಬೀಗರು ನೆಟ್ಟಗೆ ಆಸ್ಪತ್ರೆಗೆ ಹೋಗಬೇಕಾದೀತು. ಅದು ಯಾವ ಹೆಂಗಸಿಗೂ ಹೇಳಿಕೊಡಬೇಕಾದ ಮಾತಲ್ಲ. ಸುಸ್ಥಿತಿಯಲ್ಲಿ ಇಡಬೇಕೆಂದು ಸರ್ಕಾರವೇ ಬರೆದಿದೆ, ಹಸಿರು ಹಿಡಿದ ಪಾತ್ರೆ ಯಾವ ಸುಸ್ಥಿತಿ ಎಂದು ಕೇಳಿ, ಅಮೀನಾಬಿ ಹುಣಸೆಹಣ್ಣಿನ ಮುದ್ದೆ ಹಿಡಿದು ಕೂತಳು. ದ್ಯಾವಮ್ಮ ಬೂದಿ ಹಿಡಿದು ಒಳಗೇ ಇಳಿದಳು. ಸೂರ್ಯ ಹುಟ್ಟುವ ಹೊತ್ತಿಗೆ ನಾನೂರು ವರ್ಷವೂ ಹುಣಸೆ ನೀರಿನೊಡನೆ ಕಚೇರಿಯ ಮೋರಿಗೆ ಹರಿದುಹೋಗಿತ್ತು. ಕಲಾಯಿಯವನು ಬಂದು ಒಳಗೆ ತವರ ಹಚ್ಚಿದ. ಮದುವೆಯಡಿಗೆಯ ಸೊಹೇಲ್ ಬಾವರ್ಚಿ ಬಿಸ್ಮಿಲ್ಲಾ ಹೇಳಿ ಒಲೆ ಹೊತ್ತಿಸಿದ.

ನೋಡಲು ಬರುವುದಿಲ್ಲ ಎಂದಿದ್ದ ಶಾಂತಾರಾಮರು ಒಂಬತ್ತು ಗಂಟೆಗೇ ನೋಡಲು ಬಂದರು. ಥಳಥಳ ಹೊಳೆಯುವ ಡೇಗನ್ನು ಕಂಡು ಗೇಟಿನಲ್ಲೇ ನಿಂತುಬಿಟ್ಟರು. ಇವರು ಮಾಂಸ ತಿನ್ನುವವರಲ್ಲವೆಂದು ದ್ಯಾವಮ್ಮ ಬೇರೆ ಒಲೆಯ ಕೇಸರಿಬಾತು ತಂದು ಕೈಗೆ ಕೊಟ್ಟಳು. ಅವರು ತಿಂದರು. ಆದರೆ ರುಚಿ ನೋಡಿದಂತೆ ಕಾಣಲಿಲ್ಲ.

ಕಚೇರಿಯ ಹಿಂದಿನ ಮಸೀದಿಯಲ್ಲಿ ನಿಕಾಹ ಮುಗಿಯಿತು. ಗಫೂರ್ ಸಾಹೇಬರು ಒಳಗೆ ಹೋಗುವುದೋ ಬೇಡವೋ ತಿಳಿಯದೆ ಬಾಗಿಲಲ್ಲೇ ನಿಂತು, ಅಲ್ಲಿಂದಲೇ ಮಗಳಿಗಾಗಿ ದುವಾ ಕೇಳಿ, ಕಣ್ಣೊರೆಸಿಕೊಂಡರು. ಡೇಗು ಬಂದಿರಲಿಲ್ಲ, ಆದರೆ ಬಿರ್ಯಾನಿ ಅದರಲ್ಲೇ ಬೇಯುತ್ತಿತ್ತು. ಷರತ್ತಿನ ಪ್ರಕಾರ ತಾವು ಬಂದಂತೆಯೋ ಬಾರದಂತೆಯೋ ಎಂದು ಕೇಳಲು ಅವರಿಗೆ ಧೈರ್ಯವಾಗಲಿಲ್ಲ.

ಊಟದ ಹೊತ್ತಿಗೆ ಹೊಸ ಅತಿಥಿಯ ಆಗಮನವಾಯಿತು. ಅರಸರ ಡೇಗಿನ ಬಿರ್ಯಾನಿಯನ್ನು ಚಿತ್ರೀಕರಿಸಲೆಂದು ಫೈಜಲ್‌ನ ತಂದೆ ಕಲ್ಲಯ್ಯನವರನ್ನೇ ಕರೆಸಿದ್ದರು. ಕಲ್ಲಯ್ಯನವರು ಭೂತಗನ್ನಡಿ ಹಿಡಿದು ಒಲೆಯ ಹತ್ತಿರ ಹೋದರು.

“ಆ ಡೇಗು ಎಲ್ಲೈತ್ರಿ? ಇದು ಹೊಸಾದು ತಂದೀರಲ್ಲ,” ಎಂದರು.

ಅದೇ ಇದು ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಕಲ್ಲಯ್ಯನವರು ಸುತ್ತು ಬಂದರು. ಹಸಿರು ಹುಡುಕಿದರು, ಸಿಗಲಿಲ್ಲ. ಮೋರಿಯ ಕಡೆ ನೋಡಿದರು, ಅಲ್ಲಿ ಸಿಕ್ಕಿತು. ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

“ಮುಗೀತ್ರಿ. ಇದಕ್ಕೀಗ ಗುಜರಿ ರೇಟು.”

ಈ ಮಾತು ಕೇಳಿದ್ದೇ ತಡ, ಶಾಂತಾರಾಮರ ಮುಖದಲ್ಲಿ ಒಂದು ಭಯಂಕರ ಲೆಕ್ಕಾಚಾರ ಹಾದುಹೋಯಿತು. ಕಡತದಲ್ಲಿ ಎಂಟು ಲಕ್ಷದ ಪುರಾತನ ವಸ್ತು ಇದೆ, ಅಂಗಳದಲ್ಲಿ ಬಿರ್ಯಾನಿ ಪಾತ್ರೆ ಇದೆ. ಆಡಿಟ್‌ನವರು ಬಂದು ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ? ಅವರು ಊಟಕ್ಕೆಂದು ಮತ್ತೆ ಹಾಕಿಸಿಕೊಂಡಿದ್ದ ಕೇಸರಿಬಾತಿನ ತಟ್ಟೆ ಕೆಳಗಿಟ್ಟು ಗಫೂರ್ ಸಾಹೇಬರ ಕೈ ಹಿಡಿದುಕೊಂಡರು. ಇಲ್ಲಿಗೆ ಯಾವ ವಸ್ತುವೂ ಬಂದಿಲ್ಲ, ಯಾರೂ ದಾನ ಕೊಟ್ಟಿಲ್ಲ, ಊಟ ಮುಗಿದ ಕೂಡಲೇ ದಯವಿಟ್ಟು ಒಯ್ದುಬಿಡಿ ಎಂದು ಬೇಡಿಕೊಂಡರು. ಹಾಗೆಂದು ಬರೆದೂ ಕೊಟ್ಟರು.

ಸಾಹೇಬರಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ಮನುಷ್ಯನ ಮನಸ್ಸು ನೋಡಿ. ಅವರು ಮೆಲ್ಲಗೆ ಕಲ್ಲಯ್ಯನವರ ಬಳಿ ಹೋಗಿ, ಪೂರ್ತಿ ಎಂಟು ಲಕ್ಷ ಬೇಡ, ಒಂದು ಸ್ವಲ್ಪವಾದರೂ ಉಳಿದಿಲ್ಲವೇ ಎಂದು ವಿಚಾರಿಸಿದರು. ಕಲ್ಲಯ್ಯನವರು ಶಾಂತಾರಾಮರ ಪಕ್ಕ ಕೂತು ಕೇಸರಿಬಾತು ತಿನ್ನುತ್ತಿದ್ದರು. ಇಲ್ಲವೆಂದು ತಲೆಯಾಡಿಸಿ, ಇನ್ನೊಂದು ಚೂರು ಹಾಕಿಸಿಕೊಂಡರು.

ಉಳಿದ ಭಯ ಬೀಗರದ್ದು. ಅರಸರ ಡೇಗಿಗೆ ಗುಜರಿ ಬೆಲೆ ಎಂಬುದನ್ನು ಫೈಜಲ್‌ನ ತಂದೆಯೂ ಕೇಳಿಸಿಕೊಂಡಿದ್ದರು. ಸಾಹೇಬರು ಅವರೆದುರು ನಿಂತು, ಅರಸರೂ ಇಲ್ಲ ಮುತ್ತಜ್ಜನೂ ಇಲ್ಲ, ಓಣಿಯವರೆಲ್ಲ ಸೇರಿ ಕೊಂಡದ್ದು ಎಂದು ಒಂದೇ ಉಸಿರಿಗೆ ಹೇಳಿದರು. ಬೀಗರು ಮೂಳೆ ಚೀಪುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದರು. ತಮ್ಮೂರಿಗೆ ಅರಸರದ್ದೆಂದು ಹೇಳಿಯಾಗಿದೆ, ಈಗ ಬದಲಿಸಲು ಬರುವುದಿಲ್ಲ, ಅಲ್ಲಿ ಅದು ಅರಸರದ್ದೇ ಆಗಿರಲಿ ಎಂದು ತೀರ್ಪು ಕೊಟ್ಟು, ತಟ್ಟೆ ಮುಂದೆ ಹಿಡಿದರು.

ಬಸ್ಸುಗಳು ಸಿದ್ದಾಪುರದ ಕಡೆ ಹೊರಟವು. ಸಾಮಿಯಾಳೂ ಹೋದಳು. ಅವಳ ಜೊತೆ ಗಂಡಹೆಂಡಿರ ನಡುವಿನ ಮಾತೂ ಹೋಯಿತಲ್ಲ ಎಂಬುದು ಸಾಹೇಬರಿಗೆ ಹೊಳೆದದ್ದು ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ. ಇನ್ನು ಮನೆಯಲ್ಲಿ ಇಬ್ಬರೇ. ಚಹಾ ಇಟ್ಟಿದೆ ಎಂದು ಹೇಳುವವರು ಯಾರು?

ಅಂಗಳ ಖಾಲಿಯಾಗಿತ್ತು. ಅಮೀನಾಬಿ ಡೇಗನ್ನು ಮತ್ತೊಮ್ಮೆ ತಿಕ್ಕಿ, ಮಗುಚಿ ನೀರು ಬಸಿದು, ಸೆರಗು ಬಿಗಿದು ಎತ್ತಲೆಂದು ಅದರ ಒಂದು ಬದಿಯ ಹಿಡಿಬಳೆ ಹಿಡಿದಳು. ಅತ್ತಿತ್ತ ನೋಡಿದಳು. ಮಗಳಿಲ್ಲ, ದ್ಯಾವಮ್ಮ ಹೋಗಿಯಾಗಿತ್ತು, ಸೊಹೇಲ್ ಕೂಲಿ ತೆಗೆದುಕೊಂಡು ನಡೆದಿದ್ದ. ಟೆಂಪೋದ ಪಕ್ಕದಲ್ಲಿ ಗಂಡ ಒಬ್ಬನೇ ನಿಂತಿದ್ದ.

“ಎಂತ ನೋಡ್ತಾ ನಿಂತ್ರಿ?” ಎಂದಳು ಅಮೀನಾಬಿ. “ಆ ಕಡೆ ಹಿಡೀರಿ.”

ಗಫೂರ್ ಸಾಹೇಬರು ಓಡಿಹೋಗಿ ಹಿಡಿದರು.